ಸವೆಯದ ಸತುವಿಗೆ ಹೆದರಬೇಕು

ಖಂಭಾತ್ ಕೊಲ್ಲಿಯ ನೀರು ದಿನಕ್ಕೆರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ನಮ್ಮ ಮಂಗಳೂರು, ಮಲ್ಪೆ, ಕಾರವಾರಗಳಲ್ಲೂ ಹಾಗೆಯೇ ತಾನೆ ಎನ್ನಬಹುದು. ಆದರೆ ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಹೆಚ್ಚೆಂದರೆ ಒಂದೂವರೆ, ಎರಡು ಮೀಟರು. ಭಾವನಗರದ ಕಡೆ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಅದು 10 ಮೀಟರನ್ನು ದಾಟುತ್ತದೆ. ಬೆಳಿಗ್ಗೆ ಹಡಗು ತೇಲುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಬರೀ ಕೆಸರು ಕಾಣುವುದುಂಟು. ಈ ಕೊಲ್ಲಿಯ ಪೂರ್ವ ದಡದಲ್ಲೇ ಸೂರತ್‌ನ ಮಗ್ದಲ್ಲಾ, ಹಜೀರಾ ಇವೆ. ಭರೂಚ್ ಜಿಲ್ಲೆಯ ದಹೇಜ್ ಇದೆ. 2004ರಲ್ಲಿ ದಹೇಜ್‌ನಲ್ಲಿ, 2005ರಲ್ಲಿ ಹಜೀರಾದಲ್ಲಿ ದ್ರವ ರೂಪದ ನೈಸರ್ಗಿಕ ಅನಿಲ ಇಳಿಸಿಕೊಳ್ಳುವ ನಿಲ್ದಾಣಗಳು ಶುರುವಾದವು. ಅಹಮದಾಬಾದ್, ವಡೋದರಾ, ಸೂರತ್‌ಗಳ ಕಾರ್ಖಾನೆಗಳಿಗೆ ಬೇಕಾದ ಎಷ್ಟೋ ಸರಕು ಈ ದಡದ ಜೆಟ್ಟಿಗಳನ್ನು ದಾಟಿಯೇ ಒಳನಾಡಿಗೆ ಹೋಗುತ್ತದೆ. ಆ ಊರುಗಳಲ್ಲಿ ಹೋಟೆಲು ನಡೆಸುವ, ಕಾರ್ಖಾನೆಗಳಲ್ಲಿ ದುಡಿಯುವ ಕರಾವಳಿಯ ನಮ್ಮವರ ಬದುಕಿಗೂ ಆ ಜೆಟ್ಟಿಗಳ ಆಸರೆಯಿದೆ.

ಇಂಥ ನೀರಿನಲ್ಲಿ ನಿಂತ ಉಕ್ಕಿನ ಕಂಬ ಮೊದಲು ಎಲ್ಲಿ ಸೋಲುತ್ತದೆ? ಆಳದಲ್ಲಿ, ಸದಾ ಉಪ್ಪುನೀರಿನಲ್ಲಿ ಮುಳುಗಿರುವ ಕಡೆ ಎಂದು ಹೆಚ್ಚಿನವರು ಊಹಿಸುತ್ತಾರೆ. ಹೊಲದ ಬೇಲಿಗೆ ನೆಟ್ಟ ಗೂಟವನ್ನು ಕಿತ್ತು ನೋಡಿದವರಿಗೆ ಉತ್ತರ ಗೊತ್ತು. ಮಣ್ಣಿನೊಳಗಿನ ತುದಿ ಗಟ್ಟಿಯಾಗಿರುತ್ತದೆ, ಮೇಲಿನದೂ ಗಟ್ಟಿ. ಗೂಟ ಮುರಿಯುವುದು ನೆಲಮಟ್ಟದಲ್ಲಿ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಬೇಕು, ಗಾಳಿಯಲ್ಲಿರುವ ಆಮ್ಲಜನಕವೂ ಬೇಕು. ಉಪ್ಪು ಸೇರಿದರೆ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿದು ಕೆಲಸ ಬೇಗ ಆಗುತ್ತದೆ. ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಕೆಸರಿನೊಳಗೆ ಇನ್ನೂ ಕಡಿಮೆ. ಅಲೆ ಸಿಡಿಯುವ ಎತ್ತರದಲ್ಲಿ ಮಾತ್ರ ಎರಡೂ ಹೇರಳ. ಅಲ್ಲಿ ಕಂಬ ಸದಾ ಒದ್ದೆ, ಸದಾ ಗಾಳಿಗೆ ತೆರೆದದ್ದು.

ಎರಡನೆಯ ದುರ್ಬಲ ಜಾಗ ಕಣ್ಣಿಗೆ ಬೀಳುವುದು ಕಷ್ಟ. ಅದು ಇಳಿತದ ಗೆರೆಯಿಂದ ಸ್ವಲ್ಪವೇ ಕೆಳಗಿದೆ. ಉಬ್ಬರ ಇಳಿತಗಳ ನಡುವಿನ ಪಟ್ಟಿಗೆ ಆಮ್ಲಜನಕ ಚೆನ್ನಾಗಿ ಸಿಗುತ್ತದೆ, ಕೆಳಗಿನ ಪಟ್ಟಿಗೆ ಸಿಗುವುದಿಲ್ಲ. ಒಂದೇ ಕಂಬದ ಈ ಎರಡು ಭಾಗಗಳ ನಡುವೆ ಸಣ್ಣ ವಿದ್ಯುತ್ ಕೋಶವೊಂದು ಹುಟ್ಟಿಕೊಳ್ಳುತ್ತದೆ. ಮೇಲಿನದು ಉಳಿದುಕೊಂಡು ಕೆಳಗಿನದನ್ನು ತಿನ್ನುತ್ತದೆ. ಯುರೋಪಿನ ಎಂಜಿನಿಯರಿಂಗ್ ಸಂಹಿತೆ ಹೇಳುವಂತೆ ತಂಪು ಸಮುದ್ರದಲ್ಲಿ ಅಲೆ ಸಿಡಿಯುವ ಪಟ್ಟಿ, ಇಳಿತದ ಗೆರೆಯ ಪಟ್ಟಿ ಎರಡರಲ್ಲೂ 50 ವರ್ಷಕ್ಕೆ 3.75 ಮಿಲಿಮೀಟರ್ ಉಕ್ಕು ಹೋಗುತ್ತದೆ, ಸದಾ ಮುಳುಗಿರುವ ಕಡೆ 1.75 ಮಿಲಿಮೀಟರ್. ನಮ್ಮದು ಬಿಸಿ ಸಮುದ್ರ, ಲೆಕ್ಕ ಇನ್ನೂ ಕಠಿಣ. ಇದರ ಮೇಲೆ ಗಂಧಕ ತಿನ್ನುವ ಸೂಕ್ಷ್ಮಜೀವಿಗಳು ಇಳಿತದ ಗೆರೆಯಲ್ಲಿ ನೆಲೆಯೂರಿದರೆ ಸವೆತ ವರ್ಷಕ್ಕೆ ಅರ್ಧ ಮಿಲಿಮೀಟರನ್ನೂ ಮೀರಬಹುದು. ಹೊರಗೆ ಕಿತ್ತಳೆ ಬಣ್ಣದ ಕಲೆ, ಕೆರೆದರೆ ಒಳಗೆ ಕೊಳೆತ ಮೊಟ್ಟೆಯ ನಾತದ ಕಪ್ಪು ರಾಡಿ, ಅದನ್ನೂ ಒರೆಸಿದರೆ ಗುಳಿ ಬಿದ್ದು ಥಳಥಳಿಸುವ ಉಕ್ಕು. ಆ ಹೊಳಪು ಕಂಡರೆ ಗಾಬರಿಯಾಗಬೇಕು.

ನಮ್ಮ ಬಂದರಿನಲ್ಲಿ ಈ ಎರಡು ಅಪಾಯದ ಪಟ್ಟಿಗಳು ಒಂದಕ್ಕೊಂದು ತಾಗಿದಂತೆ ಇರುತ್ತವೆ. ಖಂಭಾತ್‌ನಲ್ಲಿ ಅವುಗಳ ನಡುವೆ ಎಂಟು ಹತ್ತು ಮೀಟರಿನ ದೂರ. ಕಂಬದ ಅಷ್ಟುದ್ದದ ಭಾಗ ದಿನದಲ್ಲಿ ಅರ್ಧ ಹೊತ್ತು ನೀರಿನಲ್ಲಿ, ಅರ್ಧ ಹೊತ್ತು ಬಿಸಿಲಿನಲ್ಲಿ. ನೀರೂ ಬರೀ ನೀರಲ್ಲ. ನರ್ಮದಾ, ಮಹೀ, ಸಾಬರಮತಿ, ತಾಪಿಗಳು ತಂದು ಸುರಿದ ಹೂಳು ಅದರಲ್ಲಿ ಕದಡಿಕೊಂಡಿದೆ. ಅಷ್ಟು ಎತ್ತರದ ನೀರು ಆರು ತಾಸಿನಲ್ಲಿ ಒಳಗೆ ಬರಬೇಕು, ಆರು ತಾಸಿನಲ್ಲಿ ಹೊರಗೆ ಹೋಗಬೇಕು ಎಂದರೆ ಸೆಳೆತ ಎಂಥದ್ದಿರಬೇಕು! ಆ ಸೆಳೆತದಲ್ಲಿ ಹರಿಯುವ ಮರಳು ಕಂಬದ ಬಣ್ಣವನ್ನು ಉಜ್ಜುತ್ತಲೇ ಇರುತ್ತದೆ. ಕಂಬವನ್ನು ಪರೀಕ್ಷಿಸಲು ಇಳಿಯುವ ಮುಳುಗುಗಾರನಿಗೆ ತನ್ನ ಕೈ ತನಗೇ ಕಾಣುವುದಿಲ್ಲ. ಉಬ್ಬರ ಮುಗಿದು ಇಳಿತ ಶುರುವಾಗುವ ನಡುವೆ ನೀರು ನಿಂತಂತಾಗುವ ಸ್ವಲ್ಪ ಹೊತ್ತಿನಲ್ಲಿ ಅವನು ತಡವಿ ತಡವಿ ನೋಡಿ ಬರಬೇಕು. ಬಂದರಿನ ಕೆಲಸದಲ್ಲಿ ಇದಕ್ಕಿಂತ ಕಷ್ಟದ್ದು, ಇದಕ್ಕಿಂತ ಕಡಿಮೆ ಹೆಸರು ಬರುವಂಥದ್ದು ಇನ್ನೊಂದಿರಲಾರದು.

ಈ ನೆಲಕ್ಕೆ ಬಂದರು ಕಟ್ಟುವುದು ಹೊಸತಲ್ಲ. ಅಹಮದಾಬಾದ್ ಜಿಲ್ಲೆಯ ಲೋಥಲ್‌ನಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ, 200 ಮೀಟರಿಗೂ ಉದ್ದದ ಇಟ್ಟಿಗೆಯ ಹಡಗುಕಟ್ಟೆ ಇದೆ. ಅದನ್ನು ಅಗೆದು ತೋರಿಸಿದವರು ನಮ್ಮ ಶಿಕಾರಿಪುರ ರಂಗನಾಥ ರಾವ್, ಅಂದರೆ ಎಸ್. ಆರ್. ರಾವ್. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಬರೋಡ ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿ ದುಡಿದು, ಬಳಿಕ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಸೇರಿದವರು. 1954ರಲ್ಲಿ ಲೋಥಲ್ ಪತ್ತೆಯಾಯಿತು, ಮರುವರ್ಷದಿಂದ ಉತ್ಖನನ ನಡೆಯಿತು. ಅದು ಹಡಗುಕಟ್ಟೆಯೇ ಅಲ್ಲ, ನೀರಾವರಿಯ ಕೆರೆ ಎಂದು ವಾದಿಸಿದ ವಿದ್ವಾಂಸರೂ ಇದ್ದರು. 2024ರಲ್ಲಿ ಗಾಂಧಿನಗರದ ಐಐಟಿಯವರು ಹಳೆಯ ನಕ್ಷೆಗಳನ್ನೂ ಉಪಗ್ರಹ ಚಿತ್ರಗಳನ್ನೂ ನೋಡಿ, ಹರಪ್ಪ ಕಾಲದಲ್ಲಿ ಸಾಬರಮತಿ ಲೋಥಲ್‌ನ ಪಕ್ಕದಲ್ಲೇ ಹರಿಯುತ್ತಿತ್ತು ಎಂದು ತೋರಿಸಿದ ಮೇಲೆ ರಾವ್ ಅವರ ಮಾತಿಗೆ ಬಲ ಬಂದಿದೆ. ಸುಟ್ಟ ಇಟ್ಟಿಗೆಯನ್ನೂ ಉಪ್ಪು ಬಿಡುವುದಿಲ್ಲ, ಲೋಥಲ್‌ನ ಗೋಡೆಗಳೂ ಉಪ್ಪಿಗೆ ಉದುರುತ್ತಿವೆ. ಆದರೂ ಅದು ನಿಧಾನದ ಸವೆತ. ಇಟ್ಟಿಗೆ, ಕಲ್ಲು, ಮರಗಳನ್ನು ಸಮುದ್ರದಲ್ಲಿ ಹೇಗೆ ಇರಿಸಬೇಕೆಂದು ಕಲಿಯಲು ಮನುಷ್ಯನಿಗೆ ಸಾವಿರಾರು ವರ್ಷ ಸಿಕ್ಕಿತು. ಕಬ್ಬಿಣ, ಉಕ್ಕುಗಳನ್ನು ಕಂಬಗಟ್ಟಲೆ ಉಪ್ಪುನೀರಿಗೆ ಇಳಿಸಲು ಶುರುಮಾಡಿ ಇನ್ನೂ ಇನ್ನೂರು ವರ್ಷವೂ ಆಗಿಲ್ಲ. ಅದರ ಸ್ವಭಾವ ನಮಗೆ ಇನ್ನೂ ಮೈಗೂಡಿಲ್ಲ ಎಂದೇ ನನ್ನ ಅಭಿಪ್ರಾಯ.

ಭರೂಚ್‌ನಲ್ಲಿ ನರ್ಮದೆಯ ಮೇಲಿರುವ ಗೋಲ್ಡನ್ ಬ್ರಿಜ್ ಈ ಮೊದಲ ಪಾಠಗಳ ಕಾಲದ್ದು. ಸಮುದ್ರದ ಉಬ್ಬರ ಅಲ್ಲಿಯವರೆಗೂ ಬರುತ್ತದೆ. ಅದಕ್ಕೂ ಹಿಂದೆ ಕಟ್ಟಿದ ರೈಲು ಸೇತುವೆಯನ್ನು ನೆರೆ ಮತ್ತೆ ಮತ್ತೆ ಕೊಚ್ಚಿ ಹಾಕಿತ್ತು. 1877ರಲ್ಲಿ ಶುರುವಾಗಿ 1881ರಲ್ಲಿ ಮುಗಿದ ಈ ಸೇತುವೆಗೆ, ತುಕ್ಕು ತಡೆಯುವ ಕಬ್ಬಿಣಕ್ಕಾಗಿ ಅಷ್ಟೊಂದು ಹಣ ಸುರಿದದ್ದರಿಂದಲೇ ಚಿನ್ನದ ಹೆಸರು ಬಂತೆಂದು ಊರಿನವರ ಮಾತು. 2021ರಲ್ಲಿ ಪಕ್ಕದಲ್ಲಿ ನರ್ಮದಾ ಮೈಯಾ ಸೇತುವೆ ತೆರೆಯುವವರೆಗೆ ಅದರ ಮೇಲೆ ವಾಹನಗಳು ಓಡಾಡಿದವು. ನೂರನಲವತ್ತು ವರ್ಷದ ಸೇವೆ!

ಸೂರತ್‌ಗೆ ಇನ್ನೂ ಹಳೆಯ ನಂಟಿದೆ. ಅಲ್ಲಿನ ಹಡಗು ಬಡಗಿ ಲವಜಿ ನಸರ್ವಾನ್‌ಜಿ ವಾಡಿಯಾ ಅವರನ್ನು ಈಸ್ಟ್ ಇಂಡಿಯಾ ಕಂಪನಿ 1736ರಲ್ಲಿ ಮುಂಬಯಿಗೆ ಕರೆಸಿಕೊಂಡಿತು. ಅವರ ವಂಶದವರು ಮಲಬಾರಿನ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಆ ಕಾಲದ ಮರದ ಹಡಗುಗಳಿಗೆ ಮರಕೊರಕ ಹುಳುಗಳೇ ಶತ್ರು. ಅದಕ್ಕಾಗಿ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು. ಆ ತಾಮ್ರವೂ ಸಮುದ್ರದಲ್ಲಿ ಕರಗುತ್ತಿತ್ತು. ಅದನ್ನು ಉಳಿಸುವ ದಾರಿ ಹುಡುಕಿ ಎಂದು ಬ್ರಿಟಿಷ್ ನೌಕಾಪಡೆ ಹಂಫ್ರಿ ಡೇವಿ ಅವರನ್ನು ಕೇಳಿತು. 1824ರಲ್ಲಿ ಡೇವಿ ಕೊಟ್ಟ ಉತ್ತರ ಇಂದಿಗೂ ಹಜೀರಾದಿಂದ ಮಂಗಳೂರಿನವರೆಗೆ ಬಂದರುಗಳಲ್ಲಿ ನಡೆಯುತ್ತಿದೆ: ಉಳಿಸಬೇಕಾದ ಲೋಹಕ್ಕೆ, ಅದಕ್ಕಿಂತ ಬೇಗ ಕರಗುವ ಇನ್ನೊಂದು ಲೋಹವನ್ನು ತಾಗಿಸಿ ಇಡಿ. ಸಮುದ್ರ ಎರಡನೆಯದನ್ನು ತಿನ್ನುತ್ತದೆ, ಮೊದಲನೆಯದನ್ನು ಬಿಡುತ್ತದೆ. ಈ ಉಪಾಯವನ್ನು ಪರೀಕ್ಷಿಸಿದ ಹಡಗುಗಳಲ್ಲಿ ಒಂದಾದ ಸಮರಂಗ್ ನಮ್ಮದೇ ಕೊಚ್ಚಿಯಲ್ಲಿ ಕಟ್ಟಿದ್ದು. ಬೀಡುಕಬ್ಬಿಣದ ತುಂಡುಗಳನ್ನು ತಾಗಿಸಿದ ಮೇಲೆ ತಾಮ್ರ ಕರಗುವುದು ನಿಂತಿತು. ಆದರೆ ಹೀಗೆ ರಕ್ಷಣೆ ಪಡೆದ ಹಡಗುಗಳ ತಳದಲ್ಲಿ ಪಾಚಿ, ಚಿಪ್ಪುಪ್ರಾಣಿಗಳು ದಟ್ಟವಾಗಿ ಬೆಳೆದು ಓಟವೇ ಕುಂಠಿತವಾಯಿತು. ತಾಮ್ರ ಸ್ವಲ್ಪ ಸ್ವಲ್ಪ ಕರಗಿ ನೀರಿಗೆ ವಿಷ ಬಿಡುತ್ತಿದ್ದುದರಿಂದಲೇ ಅವು ಹತ್ತಿರ ಬರುತ್ತಿರಲಿಲ್ಲ. ನೌಕಾಪಡೆ ಆ ತುಂಡುಗಳನ್ನು ಕಳಚಿ ಹಾಕಿತು. ಡೇವಿ ಅವರ ವಿಜ್ಞಾನದಲ್ಲಿ ತಪ್ಪಿರಲಿಲ್ಲ. ಅದಕ್ಕೆ ತಕ್ಕ ಲೋಹ, ಅಂದರೆ ಉಕ್ಕು, ಸಮುದ್ರಕ್ಕೆ ಇನ್ನೂ ಇಳಿದಿರಲಿಲ್ಲ.

ಈಗ ಉಕ್ಕಿನ ಕಂಬಗಳಿಗೆ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಗಳನ್ನು ಬೆಸೆಯುತ್ತಾರೆ. ಕೆಲಸಗಾರರ ಬಾಯಲ್ಲಿ ಅವು ಆನೋಡುಗಳು. ಒಂದು ಮೀಟರ್ ವ್ಯಾಸದ ಕಂಬ 10 ಮೀಟರ್ ನೀರಿನಲ್ಲಿ ನಿಂತಿದೆ ಎನ್ನಿ. ಬಣ್ಣವಿಲ್ಲದ ಬರಿ ಉಕ್ಕಾದರೆ ಚದರ ಮೀಟರಿಗೆ ಹತ್ತನೇ ಒಂದು ಆಂಪಿಯರ್‌ನಂತೆ ಸುಮಾರು 3 ಆಂಪಿಯರ್ ವಿದ್ಯುತ್ತು ಬೇಕು. ಒಂದು ಕಿಲೋ ಅಲ್ಯೂಮಿನಿಯಂ ಮಿಶ್ರಲೋಹ ಸುಮಾರು 2,500 ಆಂಪಿಯರ್-ಗಂಟೆ ಕೊಡುತ್ತದೆ, ಸತುವಾದರೆ 780. ಹಾಗಾದರೆ ಆ ಒಂದು ಕಂಬಕ್ಕೆ ವರ್ಷಕ್ಕೆ 11 ಕಿಲೋ ಅಲ್ಯೂಮಿನಿಯಂ ಇಲ್ಲವೇ 35 ಕಿಲೋ ಸತು ಕರಗಬೇಕು. ಒಳ್ಳೆಯ ಬಣ್ಣ ಬಳಿದಿದ್ದರೆ ಇದರ ಸಣ್ಣ ಪಾಲು ಸಾಕು. ವಿದ್ಯುತ್ತು ಹರಿಯುತ್ತಿದ್ದ ಹಾಗೆ ಸಮುದ್ರದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಕಂಬಕ್ಕೆ ಸುಣ್ಣದಂತೆ ಹತ್ತಿಕೊಂಡು ಅವೂ ಕಾಯುತ್ತವೆ. ಶಾಂತ ನೀರಿನ ಬಂದರಿಗೆ ಸಿಗುವ ಈ ಉಚಿತ ಸಹಾಯವನ್ನು ಖಂಭಾತ್‌ನ ಮರಳು ಸೆಳೆತ ಕಿತ್ತುಕೊಂಡು ಹೋಗುತ್ತದೆ. ಅಲ್ಲಿ ಲೆಕ್ಕ ಹಾಕುವವರು ಕೈ ಸ್ವಲ್ಪ ಧಾರಾಳವಾಗಿ ಇಡಬೇಕು.

ಆನೋಡಿನ ರಕ್ಷಣೆ ನೀರಿರುವವರೆಗೆ ಮಾತ್ರ. ನೀರು ಇಳಿದೊಡನೆ ವಿದ್ಯುತ್ತಿಗೆ ದಾರಿಯಿಲ್ಲ. ಅಲೆ ಸಿಡಿಯುವ ಎತ್ತರಕ್ಕೆ ಅದು ಎಂದೂ ತಲುಪುವುದಿಲ್ಲ. ಹಾಗಾಗಿ ಮೇಲಿನ ಭಾಗಕ್ಕೆ ಬೇರೆ ಉಡುಗೆ ಬೇಕು: ದಪ್ಪ ಎಪಾಕ್ಸಿ, ಗಾಜಿನ ಚಕ್ಕೆ ಬೆರೆಸಿದ ಬಣ್ಣ, ಮೇಣದಂಥ ಪೆಟ್ರೋಲೇಟಮ್ ಪಟ್ಟಿ ಸುತ್ತಿ ಅದರ ಮೇಲೆ ಗಟ್ಟಿ ಕವಚ, ಅಥವಾ ಕಾಂಕ್ರೀಟಿನ ತೋಳು. ಈ ತೋಳು ಇಳಿತದ ಗೆರೆಗಿಂತ ಕೆಳಗಿನವರೆಗೂ ಇಳಿದಿರಬೇಕು. ಗೆರೆಗಿಂತ ಮೇಲೆಯೇ ನಿಲ್ಲಿಸಿದರೆ ದುರ್ಬಲ ಪಟ್ಟಿ ಬೆತ್ತಲೆ ಉಳಿಯುತ್ತದೆ. ಹತ್ತು ಮೀಟರಿನ ಉಬ್ಬರವಿರುವ ಕಡೆ ಇದು ಸಣ್ಣ ಖರ್ಚಲ್ಲ. ಖರ್ಚು ಉಳಿಸಲು ತೋಳನ್ನು ಮೋಟು ಮಾಡುವುದು ಮಾತ್ರ ಕಂಬಕ್ಕೆ ಮಾಡುವ ಅನ್ಯಾಯ.

ಇನ್ನು ಸವೆಯದ ಸತುವಿನ ವಿಷಯ. ಹತ್ತು ವರ್ಷವಾದರೂ ಆನೋಡು ಹೊಸದರಂತಿದೆ ಎಂದು ಮುಳುಗುಗಾರ ವರದಿ ತಂದರೆ ಕಚೇರಿಯಲ್ಲಿ ಸಂತೋಷಪಡುವವರೇ ಹೆಚ್ಚು. ಬದಲಿಸುವ ಖರ್ಚು ಉಳಿಯಿತಲ್ಲ. ನಿಜವಾಗಿ ಅದು ಎದೆ ನಡುಗಿಸಬೇಕಾದ ಸುದ್ದಿ. ಕರಗುವುದೇ ಅದರ ಕೆಲಸ. ಕರಗಿಲ್ಲ ಎಂದರೆ ಬೆಸುಗೆ ಬಿಟ್ಟಿರಬಹುದು, ಹೂಳಿನಲ್ಲಿ ಹೂತಿರಬಹುದು, ಮೇಲೆ ಗಡುಸು ಪದರ ಕಟ್ಟಿ ಕೆಲಸ ನಿಂತಿರಬಹುದು. ಕಂಬಕ್ಕೆ ಬಣ್ಣ ಬಳಿಯುವಾಗ ಏನೂ ತಿಳಿಯದ ಕೂಲಿಯಾಳು ಆನೋಡಿಗೂ ಬಣ್ಣ ಬಳಿದು ಅದರ ಬಾಯಿ ಮುಚ್ಚಿರಬಹುದು. ಹಾಗಾದಾಗಲೆಲ್ಲ ಕರಗುತ್ತಿರುವುದು ಕಂಬ. ಆದ್ದರಿಂದ ಕಣ್ಣನ್ನೂ ಕೈಯನ್ನೂ ಮಾತ್ರ ನಂಬದೆ ಅಳೆಯಬೇಕು. ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡಿನ ಎಲೆಕ್ಟ್ರೋಡನ್ನು ನೀರಿಗಿಳಿಸಿ ಕಂಬದ ವೋಲ್ಟೇಜು ನೋಡಿದರೆ ಮೈನಸ್ 0.80 ವೋಲ್ಟ್ ಅಥವಾ ಅದಕ್ಕಿಂತ ಕೆಳಗೆ ಬರಬೇಕು. ಬಂದರೆ ಕಂಬ ಕ್ಷೇಮ. ಹೊರಗಿನಿಂದ ವಿದ್ಯುತ್ತು ಕೊಟ್ಟು ಕಾಯುವ ಇನ್ನೊಂದು ಪದ್ಧತಿಯಲ್ಲಂತೂ ಈ ಅಳತೆ ಪ್ರಾಣದಷ್ಟು ಮುಖ್ಯ. ಅಲ್ಲಿ ತಂತಿಗಳನ್ನು ತಿರುಗಾಮುರುಗಾ ಜೋಡಿಸಿಬಿಟ್ಟರೆ ಕಾಯಬೇಕಾದ ಯಂತ್ರವೇ ಜೆಟ್ಟಿಯನ್ನು ಕರಗಿಸುತ್ತದೆ.

ಇದನ್ನೆಲ್ಲ ಕಲಿಸಲು ದೇಶದಲ್ಲಿ ಸಂಸ್ಥೆಗಳಿಲ್ಲವೆಂದಲ್ಲ. ಅಳಗಪ್ಪ ಚೆಟ್ಟಿಯಾರ್ ಅವರು ಭೂಮಿ, ಹಣ ಎರಡನ್ನೂ ಕೊಟ್ಟ, 1948ರಲ್ಲಿ ಅಡಿಗಲ್ಲು ಬಿದ್ದ ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳು ಮಂಡಪಂ ಸಮುದ್ರದಲ್ಲಿ ಲೋಹಗಳನ್ನು ಇಳಿಸಿಟ್ಟು ಪರೀಕ್ಷಿಸುತ್ತ ಬಂದಿದ್ದಾರೆ. ವಡೋದರಾದಲ್ಲಿ ಸಯಾಜಿರಾವ್ ಗಾಯಕವಾಡರು 1890ರಲ್ಲಿ ತೆರೆದ ಕಲಾಭವನ ಬೆಳೆದು ಇಂದಿನ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗವಾಗಿದೆ, ಅಲ್ಲಿ ಲೋಹಶಾಸ್ತ್ರ ಕಲಿಸುತ್ತಾರೆ. ತಿಳಿವಳಿಕೆ ಸಾಕಷ್ಟಿದೆ. ಅದು ಕಂಬದ ಬುಡದವರೆಗೆ ವರ್ಷ ವರ್ಷವೂ ಇಳಿಯುತ್ತದೆಯೇ ಎಂಬುದೇ ಪ್ರಶ್ನೆ.

2022ರ ಅಕ್ಟೋಬರ್ 30ರಂದು ಮೋರ್ಬಿಯಲ್ಲಿ ತೂಗುಸೇತುವೆ ಹರಿದು 135 ಮಂದಿ ಸತ್ತರು. ವಿಶೇಷ ತನಿಖಾ ತಂಡ ನೋಡಿದಾಗ ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ತುಕ್ಕು ತಿಂದಿದ್ದವು. ಆ ದಿನಕ್ಕೆ ಮೊದಲೇ ಅವು ತುಂಡಾಗಿದ್ದಿರಬಹುದು ಎಂದು ತಂಡ ಹೇಳಿತು. ಸೇತುವೆಯ ಮೇಲಿನ ಹಾಸು ಮಾತ್ರ ಹೊಸದಾಗಿತ್ತು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ನಾಲ್ಕು ದಶಕ ಹಳೆಯ ಸೇತುವೆ ಕುಸಿಯಿತು. 2025ರ ಜುಲೈ 9ರಂದು ವಡೋದರಾ ಜಿಲ್ಲೆಯಲ್ಲಿ ಮಹೀ ನದಿಯ ಗಂಭೀರಾ ಸೇತುವೆಯ ಭಾಗ ಮುರಿದು ಇಪ್ಪತ್ತಕ್ಕೂ ಹೆಚ್ಚು ಜನ ಹೋದರು. ಮೂರಕ್ಕೂ ಕಾರಣ ಒಂದೇ ಎಂದು ನಾನು ಹೇಳುತ್ತಿಲ್ಲ. ಮೂರರ ಮೇಲೂ ಹಿಂದಿನ ದಿನದವರೆಗೆ ಜನ ನಿಶ್ಚಿಂತೆಯಿಂದ ಓಡಾಡಿದ್ದರು ಎಂಬುದನ್ನಷ್ಟೇ ನೆನಪಿಸುತ್ತಿದ್ದೇನೆ. ನಡೆಯುವ ಕಾಲಿಗೆ ಕೆಳಗಿನ ಸ್ಥಿತಿ ತಿಳಿಯುವುದಿಲ್ಲ.

ಜೆಟ್ಟಿಯ ಕಂಬಗಳು ಇವೆಲ್ಲಕ್ಕಿಂತ ಹೆಚ್ಚು ಮರೆಯಲ್ಲಿವೆ. 2017ರ ಅಕ್ಟೋಬರ್ 22ರಂದು ಘೋಘಾದಿಂದ ದಹೇಜ್‌ಗೆ ಖಂಭಾತ್ ಕೊಲ್ಲಿಯನ್ನು ದಾಟುವ ರೋ-ರೋ ಹಡಗು ಸೇವೆ ಶುರುವಾಯಿತು. ದಹೇಜ್ ಕಡೆಯ ಹೂಳು ತೊಂದರೆ ಕೊಟ್ಟಿತು. 2020ರ ನವೆಂಬರ್ 8ರಿಂದ ಘೋಘಾ–ಹಜೀರಾ ನಡುವೆ ಹಡಗು ಓಡತೊಡಗಿತು. ರಸ್ತೆಯಲ್ಲಿ 370 ಕಿಲೋಮೀಟರ್ ಸುತ್ತುವ ಬದಲು ನೀರಿನ ಮೇಲೆ 90 ಕಿಲೋಮೀಟರ್. ಸೂರತ್‌ನ ವಜ್ರದ ಕೆಲಸದಲ್ಲಿರುವ ಸೌರಾಷ್ಟ್ರದ ಕುಟುಂಬಗಳಿಗೆ ಊರು ಹತ್ತಿರವಾಯಿತು. ಒಳ್ಳೆಯ ಕೆಲಸ, ಮೆಚ್ಚಬೇಕಾದದ್ದೇ. ಲಾರಿ, ಕಾರು, ಮಕ್ಕಳು ಮರಿ ಸಮೇತ ಜನ ಹತ್ತಿಳಿಯುವ ಆ ಜೆಟ್ಟಿಗಳು ಮಾತ್ರ ಮೇಲೆ ಹೇಳಿದ ಅದೇ ನೀರಿನಲ್ಲಿ, ಅದೇ ಉಬ್ಬರದಲ್ಲಿ ನಿಂತಿವೆ.

ನನ್ನ ಬೇಡಿಕೆ ಸಣ್ಣದು. ಪ್ರಯಾಣದ ದೋಣಿಯಲ್ಲಿ ಎಷ್ಟು ಜನ ಹತ್ತಬಹುದು ಎಂದು ಕಾಣುವ ಹಾಗೆ ಬರೆದಿರಬೇಕೆಂದು ನಿಯಮವಿದೆ. ಅದೇ ರೀತಿ ಜನ ಹತ್ತಿಳಿಯುವ ಪ್ರತಿಯೊಂದು ಜೆಟ್ಟಿಯ ಬಾಗಿಲಲ್ಲಿ ಮೂರು ಸಾಲು ಬರೆಯಲಿ: ನೀರಿನೊಳಗಿನ ತಪಾಸಣೆ ಕೊನೆಯ ಸಲ ಆದ ದಿನಾಂಕ, ಅಂದು ಕಂಬಗಳಲ್ಲಿ ಸಿಕ್ಕ ವೋಲ್ಟೇಜು, ಇಳಿತದ ಗೆರೆಯಲ್ಲಿ ಉಳಿದಿರುವ ಉಕ್ಕಿನ ದಪ್ಪ. ಗುಜರಾತ್ ಮೆರಿಟೈಮ್ ಬೋರ್ಡ್ ಇದನ್ನು ಹಜೀರಾ, ಘೋಘಾಗಳಲ್ಲಿ ಮೊದಲು ಮಾಡಬಹುದು. ಕರ್ನಾಟಕದ ಬಂದರು ಇಲಾಖೆ ಮಂಗಳೂರಿನ ಹಳೆ ಬಂದರು, ಮಲ್ಪೆ, ಕಾರವಾರಗಳಲ್ಲಿ ಮಾಡಬಹುದು. ಹಣ ಬೇಕಾಗುವುದು ಫಲಕಕ್ಕಲ್ಲ, ತಪಾಸಣೆಗೆ. ಫಲಕವಿದ್ದರೆ ತಪಾಸಣೆ ತಪ್ಪಿಸುವುದು ಕಷ್ಟವಾಗುತ್ತದೆ. ಸೂರತ್‌ನಲ್ಲಿರುವ ಕನ್ನಡಿಗರೇ, ಮುಂದಿನ ಸಲ ಹಜೀರಾದಿಂದ ಹಡಗು ಹತ್ತುವಾಗ ಈ ಮೂರು ಸಾಲು ಎಲ್ಲಿದೆ ಎಂದು ಅಲ್ಲಿನ ಅಧಿಕಾರಿಗಳನ್ನು ಕೇಳಿ. ಮಲ್ಪೆಯಲ್ಲಿ ದೋಣಿಗೆ ಕಾಯುವವರೂ ಕೇಳಿ.